ಸಮಾಜಸೇವಾ ಕ್ಷೇತ್ರದಲ್ಲಿ ಸ್ವತಂತ್ರ ಸಲಹೆಗಾರರಾಗುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ವಯಂಸೇವಾ ಸಂಸ್ಥೆಗಳಲ್ಲಿ ವರ್ಷಗಟ್ಟಲೆ ದುಡಿದು ದಣಿದವರು, ಯೋಜನೆ ಮುಗಿದು ಗುತ್ತಿಗೆ ಕಳೆದುಕೊಂಡವರು, ಕಂಪನಿ ಕೆಲಸ ಸಾಕಾಗಿ 'ಸಮಾಜಕ್ಕೆ ಏನಾದರೂ ಮಾಡಬೇಕು' ಎಂದು ಹೊರಟವರು. ಈ ಮೂರು ಬಗೆಯವರೂ ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಉತ್ತರಗಳು ಕರ್ನಾಟಕದಲ್ಲಿ ಮಾಡಿದ ಕೆಲಸದಿಂದ ಬಂದವು.

ಈ ಸಲಹೆಗಾರರು ನಿಜಕ್ಕೂ ಮಾಡುವ ಕೆಲಸವೇನು?

ಸಂಸ್ಥೆಯೊಂದು ತನ್ನ ಸಿಬ್ಬಂದಿಯಿಂದ ಮಾಡಿಸಲಾಗದ ಅಥವಾ ಮಾಡಿಸಬಾರದ ಕೆಲಸವನ್ನು ನಿಗದಿತ ಅವಧಿಗೆ, ನಿಗದಿತ ಶುಲ್ಕಕ್ಕೆ ಹೊರಗಿನವರಿಗೆ ಒಪ್ಪಿಸುತ್ತದೆ. ಯೋಜನೆ ಶುರುವಾಗುವ ಮೊದಲು ಆಗಿನ ಸ್ಥಿತಿ ದಾಖಲಿಸುವ ಬೇಸ್‌ಲೈನ್ ಸಮೀಕ್ಷೆ, ಮುಗಿದ ಮೇಲೆ ಮೌಲ್ಯಮಾಪನ, ಅಂಗನವಾಡಿ ಕಾರ್ಯಕರ್ತೆಯರಿಗೋ ಗ್ರಾಮ ಪಂಚಾಯಿತಿ ಸದಸ್ಯರಿಗೋ ತರಬೇತಿ, ಅದಕ್ಕೊಂದು ಕೈಪಿಡಿ, ಮಕ್ಕಳ ರಕ್ಷಣಾ ನೀತಿಯ ಕರಡು, ದಾನಿಗಳಿಗೆ ಯೋಜನಾ ಪ್ರಸ್ತಾವ ಇತ್ಯಾದಿ.

'ಮಾಡಿಸಬಾರದ' ಎಂದದ್ದು ಮೌಲ್ಯಮಾಪನವನ್ನು ಉದ್ದೇಶಿಸಿ. ತಾನು ಬರೆದ ಉತ್ತರಪತ್ರಿಕೆಗೆ ತಾನೇ ಅಂಕ ಹಾಕಿಕೊಂಡರೆ ಯಾರೂ ನಂಬುವುದಿಲ್ಲ. ಇದೇ ಕಾರಣಕ್ಕೆ, ಯೋಜನೆ ರೂಪಿಸಿಕೊಟ್ಟ ಸಲಹೆಗಾರರೇ ಮುಂದೆ ಅದರ ಮೌಲ್ಯಮಾಪನಕ್ಕೂ ಒಪ್ಪಿಕೊಳ್ಳಬಾರದು. ಒಪ್ಪಿಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ ಎನ್ನುವುದು ಬೇರೆ ಮಾತು.

ಸರ್ಕಾರಿ ಯೋಜನೆಗಳ 'ಜಿಲ್ಲಾ ಸಮಾಲೋಚಕರು' ಕೂಡ ಇವರೇ?

ಅಲ್ಲ. ಅದು ಹೆಸರಿಗೆ ಸಮಾಲೋಚಕ ಹುದ್ದೆ, ವಾಸ್ತವದಲ್ಲಿ ಗುತ್ತಿಗೆ ನೌಕರಿ. ತಿಂಗಳ ಗೌರವಧನ, ಹಾಜರಾತಿ, ಜಿಲ್ಲಾ ಪಂಚಾಯಿತಿಯ ಸಭೆ, ವಿಡಿಯೊ ಸಂವಾದ ಎಲ್ಲವೂ ಇರುತ್ತದೆ; ಭವಿಷ್ಯನಿಧಿ, ಬಡ್ತಿ ಇರುವುದು ಅಪರೂಪ. ಆಡಳಿತ ಒಳಗಿನಿಂದ ಹೇಗೆ ನಡೆಯುತ್ತದೆ ಎಂದು ಕಲಿಯಲು ಒಂದೆರಡು ವರ್ಷ ಒಳ್ಳೆಯದು. ಇಲ್ಲಿ ಮುಂದೆ ಹೇಳುವುದೆಲ್ಲ ಸ್ವತಂತ್ರವಾಗಿ ಕೆಲಸ ಮಾಡುವವರ ಬಗ್ಗೆ.

ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ) ಪದವಿ ಕಡ್ಡಾಯವೇ? ಪರವಾನಗಿ ಬೇಕೇ?

ವಕೀಲರಿಗೆ, ವೈದ್ಯರಿಗೆ ಇರುವಂತೆ ಸಮಾಜಕಾರ್ಯಕ್ಕೆಂದೇ ನೋಂದಣಿ ಪರಿಷತ್ತು ನಮ್ಮಲ್ಲಿಲ್ಲ. ಆದ್ದರಿಂದ ಯಾರು ಬೇಕಾದರೂ 'ಸಾಮಾಜಿಕ ಅಭಿವೃದ್ಧಿ ಸಲಹೆಗಾರ' ಎಂದು ವಿಸಿಟಿಂಗ್ ಕಾರ್ಡ್ ಮಾಡಿಸಬಹುದು, ಮಾಡಿಸಿದ್ದಾರೆ ಕೂಡ. ಪದವಿ ಕೇಳುವುದು ಕೆಲಸ ಕೊಡುವವರು. ಮಂಗಳೂರಿನ ರೋಶನಿ ನಿಲಯ, ಧಾರವಾಡ ಮತ್ತು ಮೈಸೂರು ವಿಶ್ವವಿದ್ಯಾಲಯಗಳ ವಿಭಾಗಗಳು, ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಇವುಗಳಲ್ಲಿ ಓದಿದವರಿಗೆ ಮೊದಲ ಬಾಗಿಲು ಬೇಗ ತೆರೆಯುತ್ತದೆ. ಎರಡನೆಯ ಕೆಲಸ ಸಿಗುವುದು ಮೊದಲನೆಯದನ್ನು ಹೇಗೆ ಮಾಡಿದಿರಿ ಎನ್ನುವುದರ ಮೇಲೆ.

ಮನೋವೈದ್ಯಕೀಯ ಸಮಾಜಕಾರ್ಯ ಮಾತ್ರ ಇದಕ್ಕೆ ಹೊರತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಅದಕ್ಕೆ ಎಂಎಸ್‌ಡಬ್ಲ್ಯು ಜೊತೆಗೆ ನಿಮ್ಹಾನ್ಸ್‌ನಂತಹ ಕಡೆ ಮಾಡುವ ಎರಡು ವರ್ಷದ ಎಂಫಿಲ್ ಬೇಕು. ವಾರಾಂತ್ಯದ ಕೋರ್ಸು ಮಾಡಿ ಆಪ್ತಸಮಾಲೋಚನೆಗೆ ಕೂರುವವರಿಂದ ದೂರವಿರಿ, ನೀವೇ ಅವರಲ್ಲೊಬ್ಬರಾಗಬೇಡಿ.

ಕೆಲಸ ಎಲ್ಲಿಂದ ಬರುತ್ತದೆ?

ಮುಖ್ಯವಾಗಿ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ, ಅಂದರೆ ಸಿಎಸ್‌ಆರ್ ಹಣದಿಂದ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ನಿವ್ವಳ ಮೌಲ್ಯ 500 ಕೋಟಿ, ಅಥವಾ ವಹಿವಾಟು 1,000 ಕೋಟಿ, ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಇದಕ್ಕೆ ವಿನಿಯೋಗಿಸಬೇಕು. 2021ರ ತಿದ್ದುಪಡಿ ನಮ್ಮಂಥವರಿಗೆ ಇನ್ನೊಂದು ದಾರಿ ತೆರೆಯಿತು. ಸರಾಸರಿ 10 ಕೋಟಿ ರೂಪಾಯಿ ಅಥವಾ ಅದಕ್ಕೂ ಹೆಚ್ಚು ಸಿಎಸ್‌ಆರ್ ಬಾಧ್ಯತೆ ಇರುವ ಕಂಪನಿ ತನ್ನ 1 ಕೋಟಿ ಮತ್ತು ಮೇಲ್ಪಟ್ಟ ಯೋಜನೆಗಳ ಪರಿಣಾಮವನ್ನು, ಅವು ಮುಗಿದು ವರ್ಷ ಕಳೆದ ಮೇಲೆ, ಸ್ವತಂತ್ರ ಸಂಸ್ಥೆಯಿಂದ ಅಳೆಸಲೇಬೇಕು. ಇಂಥ ಕೆಲಸ ಒಂಟಿ ವ್ಯಕ್ತಿಗೆ ನೇರವಾಗಿ ಬರುವುದು ಕಡಿಮೆ. ಬೆಂಗಳೂರಿನ ದೊಡ್ಡ ಸಂಸ್ಥೆ ಹಿಡಿಯುತ್ತದೆ, ಯಾದಗಿರಿಗೋ ಕೊಪ್ಪಳಕ್ಕೋ ಹೋಗಿ ಮಾಡಲು ನಿಮ್ಮನ್ನು ಹುಡುಕುತ್ತದೆ.

ಉಳಿದದ್ದು ಸ್ವಯಂಸೇವಾ ಸಂಸ್ಥೆಗಳಿಂದ, ಮೈಸೂರಿನ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆಯಂತಹ ತರಬೇತಿ ಕೇಂದ್ರಗಳಿಂದ, ಯುನಿಸೆಫ್‌ನಂತಹ ಅಂತರರಾಷ್ಟ್ರೀಯ ಸಂಸ್ಥೆಗಳಿಂದ. ಕರ್ನಾಟಕವನ್ನು ನೋಡಿಕೊಳ್ಳುವ ಯುನಿಸೆಫ್ ಕಚೇರಿ ಹೈದರಾಬಾದಿನಲ್ಲಿದೆ, ಬೆಂಗಳೂರಿನಲ್ಲಿ ಹುಡುಕಿ ಸುಸ್ತಾಗಬೇಡಿ.

ಸರ್ಕಾರಿ ಟೆಂಡರ್ ಹಾಕಬಹುದೇ?

ಹಾಕಬಹುದು, ಆದರೆ ಮುಂಗಡ ಠೇವಣಿ, ಮೂರು ವರ್ಷದ ವಹಿವಾಟು, ಇಷ್ಟು ಜನ ಸಿಬ್ಬಂದಿ ಎಂಬ ಷರತ್ತುಗಳೇ ಒಂಟಿ ಸಲಹೆಗಾರರನ್ನು ಬದಿಗಿಡುತ್ತವೆ. ಟೆಂಡರ್ ಗೆದ್ದವರ ತಂಡದಲ್ಲಿ ವಿಷಯತಜ್ಞರಾಗಿ ಸೇರುವುದು ವಾಸಿ.

ದಿನಕ್ಕೆ ಎಷ್ಟು ಶುಲ್ಕ ಕೇಳಬೇಕು?

ಹೊಸಬರು ಮಾಡುವ ಲೆಕ್ಕ ಹೀಗಿರುತ್ತದೆ: 'ಸಂಬಳ 60,000, ಮೂವತ್ತರಿಂದ ಭಾಗಿಸಿದರೆ ದಿನಕ್ಕೆ 2,000.' ಈ ಲೆಕ್ಕದಲ್ಲಿ ಹೊರಟರೆ ಆರು ತಿಂಗಳಲ್ಲಿ ಮತ್ತೆ ನೌಕರಿ ಹುಡುಕಬೇಕಾಗುತ್ತದೆ.

ವರ್ಷದ 7,20,000 ರೂಪಾಯಿಯಿಂದ ಶುರುಮಾಡಿ. ಇನ್ನು ಮೇಲೆ ಭವಿಷ್ಯನಿಧಿಗೆ ಸಂಸ್ಥೆಯ ಪಾಲು ಇಲ್ಲ, ಆರೋಗ್ಯ ವಿಮೆ ನಿಮ್ಮದೇ, ಲ್ಯಾಪ್‌ಟಾಪ್ ಕೆಟ್ಟರೆ ರಿಪೇರಿಯೂ ನಿಮ್ಮದೇ. ಇದಕ್ಕೆಲ್ಲ 1,80,000 ಸೇರಿಸಿದರೆ 9 ಲಕ್ಷವಾಯಿತು. ಬಿಲ್ ಮಾಡಬಹುದಾದ ದಿನಗಳು ವರ್ಷಕ್ಕೆ 120 ಸಿಕ್ಕರೆ ಪುಣ್ಯ. ಉಳಿದ ದಿನಗಳು ಪ್ರಸ್ತಾವ ಬರೆಯುವುದಕ್ಕೆ, ಹಣಕ್ಕಾಗಿ ಫೋನ್ ಮಾಡುವುದಕ್ಕೆ, ಕೆಲಸಕ್ಕಾಗಿ ಕಾಯುವುದಕ್ಕೆ ಹೋಗುತ್ತವೆ. ಭಾಗಿಸಿದರೆ ದಿನಕ್ಕೆ 7,500 ಬರುತ್ತದೆ. ಪ್ರಯಾಣ, ವಸತಿ ಇದರಿಂದ ಹೊರಗಿರಬೇಕು.

ಇನ್ನೊಂದು ಮಾತು. ಸಂಸ್ಥೆಗಳು ಕ್ಷೇತ್ರದ ದಿನಗಳನ್ನು ಮಾತ್ರ ಎಣಿಸುತ್ತವೆ. ಐದು ದಿನ ಹಳ್ಳಿಯಲ್ಲಿದ್ದರೆ ಬರೆಯಲು ಕನಿಷ್ಠ ಅಷ್ಟೇ ದಿನ ಬೇಕು. ಸಂದರ್ಶನಗಳ ಧ್ವನಿಮುದ್ರಣ ಇದ್ದರೆ ಅದನ್ನು ಕೇಳಿ ಬರೆದುಕೊಳ್ಳುವುದಕ್ಕೇ ಒಂದು ಗಂಟೆಗೆ ಅರ್ಧ ದಿನ ಹೋಗುತ್ತದೆ, ಅದರಲ್ಲೂ ಉತ್ತರ ಕರ್ನಾಟಕದ ಗುಂಪು ಚರ್ಚೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಿಗಿಳಿದರೆ.

'ಸೇವೆ ಅಲ್ಲವೇ, ದುಡ್ಡು ಕೇಳುತ್ತೀರಾ?' ಎಂದರೆ ಏನು ಹೇಳಲಿ?

ಹೀಗೆ ಕೇಳುವ ಸಂಸ್ಥೆ ತನ್ನ ಆಡಿಟರಿಗೆ, ಕಟ್ಟಡದ ಮಾಲೀಕರಿಗೆ ಹೀಗೆ ಕೇಳುವುದಿಲ್ಲ ಎಂಬುದನ್ನು ನೆನಪಿಡಿ. ನಿಜವಾಗಿಯೂ ಹಣದ ಮುಗ್ಗಟ್ಟು ಇರುವ ಸಣ್ಣ ಸಂಸ್ಥೆಗಳೂ ಇವೆ. ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಗಳಿಗೆ ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿತು, ಮತ್ತು ವೃತ್ತಿಪರ ಶುಲ್ಕ ಸಾಮಾನ್ಯವಾಗಿ ಆಡಳಿತ ವೆಚ್ಚದ ಲೆಕ್ಕಕ್ಕೇ ಬರುತ್ತದೆ. 'ಆ ಶೀರ್ಷಿಕೆಯಲ್ಲಿ ಹಣವಿಲ್ಲ' ಎಂದು ಅವರು ಹೇಳಿದರೆ ಅದು ಬರೀ ನೆಪ ಇರಲಾರದು.

ನನ್ನ ರೀತಿ ಇಷ್ಟೆ: ಉಚಿತವಾಗಿ ಮಾಡುವುದಾದರೆ ಪೂರ್ತಿ ಉಚಿತ, ಎರಡು ದಿನಕ್ಕೆ ಸೀಮಿತ, ಮತ್ತು ಯಾರಿಗೆ ಎಂದು ಆರಿಸುವವಳು ನಾನು. ಅರ್ಧ ಶುಲ್ಕಕ್ಕೆ ಪೂರ್ತಿ ಕೆಲಸ ಎಂಬ ಮಧ್ಯದ ದಾರಿಯಲ್ಲಿ ಇಬ್ಬರಿಗೂ ಅಸಮಾಧಾನವೇ ಉಳಿಯುತ್ತದೆ.

ಒಪ್ಪಂದದಲ್ಲಿ ಏನೇನು ಇರಬೇಕು?

ಕೆಲಸದ ವ್ಯಾಪ್ತಿ, ದಿನಗಳು, ಕಂತುಗಳು ಎಲ್ಲರಿಗೂ ಗೊತ್ತು. ಜನ ಮರೆಯುವ ಅಂಶಗಳು ಬೇರೆ. 'ಅಂತಿಮ ವರದಿಗೆ ಅನುಮೋದನೆ ಸಿಕ್ಕ ಮೇಲೆ ಕೊನೆಯ ಕಂತು' ಎಂದಷ್ಟೇ ಇದ್ದರೆ ಆ ಅನುಮೋದನೆ ಬರುವುದೇ ಇಲ್ಲ. ಕರಡು ಕೊಟ್ಟ 15 ದಿನಗಳಲ್ಲಿ ಪ್ರತಿಕ್ರಿಯೆ ಬಾರದಿದ್ದರೆ ಒಪ್ಪಿದಂತೆ ಎಂದು ಬರೆಸಿ. ತಿದ್ದುಪಡಿ ಎಷ್ಟು ಸುತ್ತು ಎಂದು ಬರೆಸಿ. ವರದಿಯಲ್ಲಿ ಕಂಡ ಸಂಗತಿಗಳ ಬಗ್ಗೆ ಸಂಸ್ಥೆಗೆ ಭಿನ್ನಾಭಿಪ್ರಾಯವಿದ್ದರೆ ಅದು ಅನುಬಂಧವಾಗಿ ಸೇರುತ್ತದೆಯೇ ಹೊರತು ವರದಿ ಬದಲಾಗುವುದಿಲ್ಲ ಎಂದೂ ಬರೆಸಿ. ಈ ಕೊನೆಯದಕ್ಕೆ ಮುಖ ಗಂಟಿಕ್ಕುವ ಸಂಸ್ಥೆ ಮುಂದೆ ಏನು ಮಾಡಲಿದೆ ಎಂದು ಅಲ್ಲೇ ಗೊತ್ತಾಗುತ್ತದೆ.

ತೆರಿಗೆ, ಜಿಎಸ್‌ಟಿ?

ವೃತ್ತಿಪರ ಶುಲ್ಕಕ್ಕೆ ಸಾಮಾನ್ಯವಾಗಿ ಶೇ 10ರಷ್ಟು ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ, ಕಡಿತವಾಗುತ್ತದೆ. ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಿ. ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ. ದತ್ತಿ ಸಂಸ್ಥೆಗೆ ಕೆಲಸ ಮಾಡಿದರೆ ಜಿಎಸ್‌ಟಿ ಇಲ್ಲ ಎಂಬುದು ತಪ್ಪು ನಂಬಿಕೆ. ವಿನಾಯಿತಿ ಇರುವುದು ಅವರ ದತ್ತಿ ಚಟುವಟಿಕೆಗೆ, ನಿಮ್ಮ ಶುಲ್ಕಕ್ಕಲ್ಲ. ಒಳ್ಳೆಯ ಲೆಕ್ಕಪರಿಶೋಧಕರೊಬ್ಬರನ್ನು ಹಿಡಿಯಿರಿ.

ಕ್ಷೇತ್ರಭೇಟಿಗೆ ಹೋಗುವ ಮುನ್ನ ಏನು ತಯಾರಿ?

ಓದಿ. ಪ್ರಾದೇಶಿಕ ಅಸಮಾನತೆ ಕುರಿತು ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ಹಳೆಯದಾಯಿತು, ಆದರೆ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದು ಅದು ಹಾಕಿಕೊಟ್ಟ ನಕ್ಷೆ ಇಂದಿಗೂ ಬಹುಮಟ್ಟಿಗೆ ನಿಲ್ಲುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಅಂಶ ಜೊತೆಯಲ್ಲಿರಲಿ. ಅದು ಗುರಿಗಳ ಹುಸಿತನವನ್ನು ಬಯಲು ಮಾಡುತ್ತದೆ. ರಾಜ್ಯದಲ್ಲಿ ಐದು ವರ್ಷದೊಳಗಿನ ಕುಂಠಿತ ಬೆಳವಣಿಗೆಯ ಮಕ್ಕಳ ಪ್ರಮಾಣ 2015–16ರಲ್ಲಿ ಶೇ 36.2 ಇದ್ದದ್ದು 2019–21ರ ಸುತ್ತಿನಲ್ಲಿ ಶೇ 35.4ಕ್ಕೆ ಬಂತು. ಹೀಗಿರುವಾಗ ಒಂದೇ ವರ್ಷದಲ್ಲಿ ಇದನ್ನು ಅರ್ಧಕ್ಕೆ ಇಳಿಸುತ್ತೇವೆ ಎಂಬ ಪ್ರಸ್ತಾವ ಕೈಗೆ ಬಂದರೆ ಮೊದಲ ಸಭೆಯಲ್ಲೇ ಮಾತನಾಡಿ, ಮೌಲ್ಯಮಾಪನದವರೆಗೆ ಕಾಯಬೇಡಿ.

ಕಾಲ ನೋಡಿ ಹೋಗಿ. ತೊಗರಿ ಕಟಾವಿನ ಹೊತ್ತಿಗೆ ಕಲಬುರಗಿಯ ಹಳ್ಳಿಗೆ ಹಗಲಲ್ಲಿ ಹೋದರೆ ಮನೆಯಲ್ಲಿ ಸಿಗುವುದು ಮುದುಕರು ಮಾತ್ರ. ಸುಗ್ಗಿ ಮುಗಿದ ಮೇಲೆ ಹೋದರೆ ಅರ್ಧ ತಾಂಡಾ ಗುಳೆ ಹೋಗಿರುತ್ತದೆ, ಮತ್ತು ಹೋದವರೇ ನೀವು ಕಾಣಬೇಕಾದವರು. ಮಾರ್ಚ್ ಮೂವತ್ತೊಂದರೊಳಗೆ ವರದಿ ಬೇಕು ಎನ್ನುವ ಕಚೇರಿಗಳಿಗೆ ಈ ಪಂಚಾಂಗ ತಿಳಿಯದು, ನೀವೇ ತಿಳಿಸಬೇಕು.

ಹಳ್ಳಿಯಲ್ಲಿ ಏನನ್ನು ನೋಡಬೇಕು?

ಪ್ರಶ್ನಾವಳಿಯಲ್ಲಿ ಇಲ್ಲದ್ದನ್ನು. ಅಂಗನವಾಡಿಗೆ ಬೆಳಿಗ್ಗೆ ಹನ್ನೊಂದಕ್ಕೆ ಹೋದಿರಿ ಎಂದುಕೊಳ್ಳಿ. ಹಾಜರಿ ಪುಸ್ತಕದಲ್ಲಿ ಇಪ್ಪತ್ತಾರು ಮಕ್ಕಳು. ಒಳಗೆ ಹೋಗುವ ಮೊದಲು ಹೊಸ್ತಿಲ ಬಳಿ ಬಿಟ್ಟ ಪುಟ್ಟ ಚಪ್ಪಲಿಗಳನ್ನು ಎಣಿಸಿ. ತೂಕದ ಯಂತ್ರ ಯಾವ ಮೂಲೆಯಲ್ಲಿದೆ, ಮೇಲೆ ಧೂಳಿದೆಯೇ, ಬೆಳವಣಿಗೆ ಪಟ್ಟಿಯ ಚುಕ್ಕಿಗಳೆಲ್ಲ ಒಂದೇ ಪೆನ್ನಿನಲ್ಲಿ ಒಂದೇ ದಿನ ಇಟ್ಟಂತಿವೆಯೇ ಎಂದು ನೋಡಿ. ಮೊಟ್ಟೆ ಬೇಯಿಸಿದ ಪಾತ್ರೆ ಒಲೆಯ ಮೇಲಿದೆಯೇ ಎಂದು ನೋಡಿ.

ಇಷ್ಟು ನೋಡಿ 'ಕಾರ್ಯಕರ್ತೆ ಕಳ್ಳಲೆಕ್ಕ ಬರೆದಿದ್ದಾಳೆ' ಎಂಬ ತೀರ್ಮಾನಕ್ಕೆ ಹಾರಿದರೆ ನೀವು ತನಿಖಾಧಿಕಾರಿ, ಸಲಹೆಗಾರರಲ್ಲ. ಪಕ್ಕದಲ್ಲಿ ಕೂತು ಕೇಳಿ. ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಮಾಹಿತಿ ತುಂಬಲು ಸಿಗ್ನಲ್ ಸಿಗುವ ಕಟ್ಟೆಯವರೆಗೆ ನಡೆಯಬೇಕು, ಅದೇ ಮಾಹಿತಿಯನ್ನು ಮತ್ತೆ ಪುಸ್ತಕದಲ್ಲಿ ಬರೆಯಬೇಕು, ಚುನಾವಣೆ ಬಂದರೆ ಮತದಾರರ ಪಟ್ಟಿ, ಸಮೀಕ್ಷೆ ಬಂದರೆ ಸಮೀಕ್ಷೆ. 1975ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ತಿ. ನರಸೀಪುರದಿಂದ ಆರಂಭವಾದ ಈ ಅಂಗನವಾಡಿ ಯೋಜನೆ ಇಂದಿಗೂ ನಡೆಯುತ್ತಿರುವುದು ಅಂಥ ಒಬ್ಬೊಬ್ಬಳೇ ಹೆಂಗಸಿನ ಹೆಗಲ ಮೇಲೆ. ಆ ಹೊರೆಯ ವಿವರ ವರದಿಯಲ್ಲಿ ಬಾರದಿದ್ದರೆ ಹಾಜರಿಯ ಅಂಕಿ ಬರೆದು ಪ್ರಯೋಜನವಿಲ್ಲ.

ಜನ ನಿಜ ಹೇಳದಿದ್ದರೆ?

ಏಕೆ ಹೇಳಬೇಕು? ಕೈಯಲ್ಲಿ ಟ್ಯಾಬ್ ಹಿಡಿದು 'ನಿಮ್ಮ ತಿಂಗಳ ಆದಾಯ ಎಷ್ಟು' ಎಂದು ಕೇಳುವ ಅಪರಿಚಿತರು ಅವರ ಕಣ್ಣಿಗೆ ಬಿಪಿಎಲ್ ಕಾರ್ಡ್ ರದ್ದು ಮಾಡಲು ಬಂದವರು, ಇಲ್ಲವೇ ಗೃಹಲಕ್ಷ್ಮಿಯ 2,000 ರೂಪಾಯಿ ನಿಲ್ಲಿಸಲು ಬಂದವರು. ಆದಾಯ ಕೇಳಬೇಡಿ. ಕಳೆದ ವಾರ ಯಾವ ಯಾವ ಕೆಲಸಕ್ಕೆ ಹೋಗಿದ್ದಿರಿ, ಕೂಲಿ ಎಷ್ಟು ಕೊಟ್ಟರು, ಸಂತೆಯಲ್ಲಿ ಏನು ತಂದಿರಿ ಎಂದು ಕೇಳಿ. 'ಯೋಜನೆಯಿಂದ ತೃಪ್ತಿ ಇದೆಯೇ, ಒಂದರಿಂದ ಐದರೊಳಗೆ ಹೇಳಿ' ಎಂಬ ಪ್ರಶ್ನೆಗೆ ಎಲ್ಲರೂ ಐದು ಎನ್ನುತ್ತಾರೆ. ಮನೆಗೆ ಬಂದವರನ್ನು ಬೇಸರಪಡಿಸುವ ರೂಢಿ ನಮ್ಮಲ್ಲಿಲ್ಲ. ಸಂಸ್ಥೆಯ ಕ್ಷೇತ್ರ ಸಿಬ್ಬಂದಿ ಪಕ್ಕದಲ್ಲಿ ನಿಂತಿದ್ದರಂತೂ ಆರು ಎಂದರೂ ಅಂದಾರು. ಅವರನ್ನು ಚಹಾ ಅಂಗಡಿಗೆ ಕಳುಹಿಸಿ ಮಾತು ಶುರುಮಾಡಿ.

ವರದಿ ಬದಲಿಸಿ ಎಂದು ಒತ್ತಡ ಬಂದರೆ?

ಬರುತ್ತದೆ. 'ಸುಳ್ಳು ಬರೆಯಿರಿ' ಎಂದು ಯಾರೂ ಹೇಳುವುದಿಲ್ಲ. 'ಸ್ವಲ್ಪ ಧಾಟಿ ಬದಲಿಸಿ' ಎನ್ನುತ್ತಾರೆ. ಶಾಲೆಗಳಿಗೆ ಕುಡಿಯುವ ನೀರಿನ ಶುದ್ಧೀಕರಣ ಘಟಕ ಹಾಕಿಸಿದ್ದ ಕಂಪನಿಯೊಂದಕ್ಕೆ ಮೌಲ್ಯಮಾಪನ ಮಾಡಿದ್ದೆ. ಅರ್ಧಕ್ಕರ್ಧ ಘಟಕಗಳು ನಿಂತುಹೋಗಿದ್ದವು. ಫಿಲ್ಟರ್ ಬದಲಿಸುವ ಖರ್ಚು ಪಂಚಾಯಿತಿಯದೋ ಎಸ್‌ಡಿಎಂಸಿಯದೋ (ಶಾಲಾಭಿವೃದ್ಧಿ ಸಮಿತಿಯದೋ) ಎಂದು ಯಾರೂ ತೀರ್ಮಾನಿಸಿರಲಿಲ್ಲ. ಒಂದು ಶಾಲೆಯಲ್ಲಿ ಘಟಕಕ್ಕೆ ಬೀಗ ಹಾಕಿ, ಉದ್ಘಾಟನೆಯ ರಿಬ್ಬನ್ನಿನ ತುಂಡನ್ನು ಹಾಗೇ ಬಿಟ್ಟಿದ್ದರು. ಕಂಪನಿಯವರ ಕೋರಿಕೆ ತೀರಾ ಚಿಕ್ಕದು: 'ಕೆಲಸ ಮಾಡುತ್ತಿರುವ ಘಟಕಗಳು' ಎಂಬ ಕಾಲಂ ತೆಗೆದು 'ಸ್ಥಾಪಿಸಿದ ಘಟಕಗಳು' ಎಂಬುದನ್ನಷ್ಟೇ ಉಳಿಸಿ.

ಬದಲಿಸಬಹುದಾದದ್ದೂ ಇದೆ. ನಾನು ಬರೆದ ಸಂಗತಿ ತಪ್ಪೆಂದು ದಾಖಲೆ ತೋರಿಸಿದರೆ ತಿದ್ದುತ್ತೇನೆ. ಹಿನ್ನೆಲೆ ಬಿಟ್ಟುಹೋಗಿದ್ದರೆ ಸೇರಿಸುತ್ತೇನೆ. ಯಾರ ಮನಸ್ಸನ್ನೂ ನೋಯಿಸುವ ಪದ ಬೇಕಿಲ್ಲವಾದ್ದರಿಂದ ಪದವನ್ನೂ ಬದಲಿಸುತ್ತೇನೆ. ಅಂಕಿ, ಕಂಡದ್ದು, ಜನ ಹೇಳಿದ್ದು ಇವು ಮೂರನ್ನು ಮುಟ್ಟುವುದಿಲ್ಲ. ಅಷ್ಟಕ್ಕೂ ಒಪ್ಪದಿದ್ದರೆ ನನ್ನ ಹೆಸರು ತೆಗೆಯಿರಿ ಎಂದು ಬರಹದಲ್ಲಿ ತಿಳಿಸುತ್ತೇನೆ. ಆ ಕಂಪನಿಯಿಂದ ಮತ್ತೆ ಕೆಲಸ ಬರಲಿಲ್ಲ. ಆ ವರದಿ ಓದಿದ ಅದೇ ಜಿಲ್ಲೆಯ ಇನ್ನೊಂದು ಸಂಸ್ಥೆಯಿಂದ ಬಂತು.

ಜಗಳ ತಪ್ಪಿಸುವ ಉಪಾಯವೂ ಉಂಟು. ಕರಡು ಕಳುಹಿಸುವ ಮುನ್ನ ಕ್ಷೇತ್ರ ಸಿಬ್ಬಂದಿಯನ್ನು ಕೂರಿಸಿಕೊಂಡು ಬಾಯಿಮಾತಿನಲ್ಲಿ ಎಲ್ಲವನ್ನೂ ಹೇಳಿ. ಕೆಟ್ಟ ಸುದ್ದಿ ಅವರಿಗೆ ಮೊದಲೇ ಗೊತ್ತಿರುತ್ತದೆ. ಮೇಲಿನವರಿಗೆ ಹೇಳಲು ಧೈರ್ಯ ಬಂದಿರುವುದಿಲ್ಲ, ಅಷ್ಟೆ.

ಸಂದರ್ಶನದ ನಡುವೆ ಮಗುವಿನ ಮೇಲೆ ದೌರ್ಜನ್ಯ ನಡೆದಿರುವುದು ತಿಳಿದರೆ?

ಇಲ್ಲಿ ಆಯ್ಕೆಯಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದ ಯಾರೇ ಆದರೂ ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಸಜೆ, ದಂಡ ಅಥವಾ ಎರಡೂ. 'ಸಂಸ್ಥೆಗೆ ಹೇಳಿದೆ, ಅವರು ನೋಡಿಕೊಳ್ಳುತ್ತಾರೆ' ಎಂದು ಕೈತೊಳೆದುಕೊಳ್ಳಲಾಗದು, ಹೊಣೆ ನಿಮ್ಮದೂ ಹೌದು.

ಆದ್ದರಿಂದ ಸಂದರ್ಶನದ ಆರಂಭದಲ್ಲಿ 'ನೀವು ಹೇಳಿದ್ದನ್ನು ಯಾರಿಗೂ ಹೇಳುವುದಿಲ್ಲ' ಎಂದು ಮಾತು ಕೊಡಬೇಡಿ. 'ಮಗುವಿಗೆ ಅಪಾಯವಿದೆ ಎಂದು ಗೊತ್ತಾದರೆ ಮಾತ್ರ ಹೇಳಬೇಕಾಗುತ್ತದೆ' ಎಂದು ಸೇರಿಸಿ. ಮಗು ಹೇಳತೊಡಗಿದರೆ ಕೇಳಿಸಿಕೊಳ್ಳಿ, ಕೆದಕಬೇಡಿ. ವಿವರ ಕೇಳುವುದು ನಿಮ್ಮ ಕೆಲಸವಲ್ಲ, ಅದೇ ಕಥೆಯನ್ನು ಮಗು ಇನ್ನೂ ಎಷ್ಟು ಕಡೆ ಹೇಳಬೇಕಿದೆಯೋ. ಅದರ ಮಾತುಗಳನ್ನು ಇದ್ದಂತೆಯೇ ಬರೆದಿಟ್ಟುಕೊಂಡು ಪೊಲೀಸರಿಗೆ ತಿಳಿಸಿ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಿ, ಮಕ್ಕಳ ಕಲ್ಯಾಣ ಸಮಿತಿಯ ಗಮನಕ್ಕೂ ತನ್ನಿ.

ಕಷ್ಟದ ಪ್ರಕರಣ ಬೇರೆಯದು: ಹದಿನೇಳರ ಹುಡುಗಿ, ಮದುವೆಯಾಗಿದೆ, ಬಸುರಿ. ಆಸ್ಪತ್ರೆಗೆ ಹೋದರೆ ಗಂಡ ಜೈಲಿಗೆ ಹೋಗುತ್ತಾನೆಂದು ಹೆದರಿ ಮನೆಯಲ್ಲೇ ಹೆರಿಗೆಗೆ ಸಿದ್ಧಳಾಗಿದ್ದಾಳೆ. ಕರ್ನಾಟಕದಲ್ಲಿ ಬಾಲ್ಯವಿವಾಹ ನಡೆದ ಕ್ಷಣದಿಂದಲೇ ಅಸಿಂಧು, ಮತ್ತು ಪೋಕ್ಸೊ ಕಾಯ್ದೆ ಇಲ್ಲೂ ವಿನಾಯಿತಿ ಕೊಟ್ಟಿಲ್ಲ. ತಿಳಿಸಲೇಬೇಕು. ಆದರೆ ತಿಳಿಸಿ ಬಸ್ ಹತ್ತಿ ಬಂದುಬಿಡುವುದನ್ನು ನಾನು ಒಪ್ಪುವುದಿಲ್ಲ. ಅವಳ ಹೆರಿಗೆ ಎಲ್ಲಿ, ಯಾರು ಜೊತೆಗಿರುತ್ತಾರೆ ಎನ್ನುವುದನ್ನು ಆಶಾ ಕಾರ್ಯಕರ್ತೆಯ ಜೊತೆ ಕೂತು ಗಟ್ಟಿ ಮಾಡಿಕೊಂಡೇ ಬರಬೇಕು.

ವಯಸ್ಕ ಮಹಿಳೆ ಗಂಡನ ಹೊಡೆತದ ಬಗ್ಗೆ ಹೇಳಿದರೆ ಕ್ರಮ ಬೇರೆ. ಅಲ್ಲಿ ಅವಳ ಒಪ್ಪಿಗೆ ಮುಖ್ಯ. 181 ಸಹಾಯವಾಣಿ, ದೌರ್ಜನ್ಯಕ್ಕೊಳಗಾದ ಮಹಿಳೆಯರಿಗೆ ನೆರವು ನೀಡುವ ಸಖಿ ಕೇಂದ್ರದ ಮಾಹಿತಿ ಕೊಡಿ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಸಂರಕ್ಷಣಾಧಿಕಾರಿ ಎಂಬುದು ಹಲವರಿಗೆ ಗೊತ್ತಿಲ್ಲ, ಅದನ್ನೂ ಹೇಳಿ.

ದಾನಿಗಳು ಮಕ್ಕಳ ಫೋಟೊ ಕೇಳುತ್ತಾರೆ, ಕೊಡಬಹುದೇ?

ಬಾಲಮಂದಿರದ ಅಥವಾ ದೌರ್ಜನ್ಯಕ್ಕೊಳಗಾದ ಮಗುವಿನ ಗುರುತು ತಿಳಿಯುವಂಥದ್ದನ್ನು ಪ್ರಕಟಿಸುವುದು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಪರಾಧ. ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆದು ಊರಿನ ಹೆಸರು, ಶಾಲೆಯ ಸಮವಸ್ತ್ರ ತೋರಿಸಿದರೆ ಮುಚ್ಚಿಟ್ಟದ್ದೇನು? ಕೈಕೆಲಸ ಮಾಡುವ ಬೆರಳುಗಳ, ಗೋಡೆ ಮೇಲಿನ ಚಿತ್ರಗಳ ಫೋಟೊ ಸಾಕು.

ಕಂಪನಿಯ ಆಂತರಿಕ ಸಮಿತಿಗೆ ಹೊರಗಿನ ಸದಸ್ಯೆಯಾಗಿ ಕರೆಯುತ್ತಾರೆ. ಹೋಗಲೇ?

ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ಹತ್ತು ಮತ್ತು ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿ ಇರಬೇಕು, ಅದರಲ್ಲಿ ಹೊರಗಿನವರೊಬ್ಬರು ಇರಬೇಕು. ನಿಯಮದಲ್ಲಿರುವ ಭತ್ಯೆ ವಿಚಾರಣೆಯ ದಿನಕ್ಕೆ 200 ರೂಪಾಯಿ ಮತ್ತು ಪ್ರಯಾಣ ವೆಚ್ಚ. ಕಂಪನಿಗಳು ಒಪ್ಪಂದದ ಮೇಲೆ ಹೆಚ್ಚು ಕೊಡುತ್ತವೆ. ಹೋಗಿ, ಆದರೆ ಕಾಯ್ದೆ ಓದಿಕೊಂಡು ಹೋಗಿ. 90 ದಿನಗಳಲ್ಲಿ ವಿಚಾರಣೆ ಮುಗಿಸಬೇಕು, ಎರಡೂ ಕಡೆಯವರಿಗೆ ಸಾಕ್ಷ್ಯ ನೋಡುವ ಅವಕಾಶ ಕೊಡಬೇಕು. ವರ್ಷಕ್ಕೊಮ್ಮೆ ಸಹಿಗೆ ಮಾತ್ರ ಕರೆಯುವ ಕಂಪನಿಯಾದರೆ ಬೇಡ.

ಇಂಗ್ಲಿಷ್ ಅಷ್ಟಾಗಿ ಬಾರದಿದ್ದರೆ?

ವರದಿ ಕೇಳುವುದು ಇಂಗ್ಲಿಷಿನಲ್ಲೇ, ಅದನ್ನು ಅಲ್ಲಗಳೆಯಲಾರೆ. ಆದರೆ ಸುಲಲಿತ ಇಂಗ್ಲಿಷ್ ಬರೆಯುವವರು ಬೇಕಾದಷ್ಟು ಜನ ಸಿಗುತ್ತಾರೆ, ದೇವದುರ್ಗದ ಮಹಿಳಾ ಸಂಘದಲ್ಲಿ ಎರಡು ಗಂಟೆ ಮಾತು ನಡೆಸಬಲ್ಲವರು ಸಿಗುವುದಿಲ್ಲ. ಬರೆಯುವವರೊಬ್ಬರ ಜೊತೆ ಸೇರಿ ಕೆಲಸ ಹಿಡಿಯಿರಿ, ಇಬ್ಬರ ಹೆಸರೂ ಮುಖಪುಟದಲ್ಲಿರಲಿ. ವರದಿಯ ಸಾರಾಂಶವನ್ನು ಕನ್ನಡದಲ್ಲೂ ಕೊಡುತ್ತೇವೆಂದು ಪ್ರಸ್ತಾವದಲ್ಲೇ ಬರೆಯಿರಿ, ಮಾಹಿತಿ ಕೊಟ್ಟ ಊರಿಗೆ ಅದನ್ನು ಓದಿ ಹೇಳುವ ಒಂದು ದಿನವನ್ನೂ ಬಜೆಟ್ಟಿಗೆ ಹಾಕಿ. ಹತ್ತರಲ್ಲಿ ಒಂಬತ್ತು ಸಂಸ್ಥೆಗಳು ಆ ಸಾಲನ್ನು ಹೊಡೆದುಹಾಕುತ್ತವೆ. ಆದರೂ ಹಾಕಿ.

ಕೆಲಸ ಮುಗಿದರೂ ಹಣ ಬಾರದಿದ್ದರೆ?

ಮೊದಲು ಲೆಕ್ಕಪತ್ರ ವಿಭಾಗದವರ ಜೊತೆ ಮಾತಾಡಿ. ಎಷ್ಟೋ ಸಲ ಬಿಲ್ಲಿಗೆ ಪ್ರಯಾಣದ ಟಿಕೆಟ್ ಲಗತ್ತಿಸಿಲ್ಲ ಎಂಬಂಥ ಸಣ್ಣ ಕಾರಣಕ್ಕೆ ಕಡತ ನಿಂತಿರುತ್ತದೆ, ಯಾರೂ ನಿಮಗೆ ಹೇಳಿರುವುದಿಲ್ಲ. ದಾನಿಯ ಕಂತು ಬಂದಿಲ್ಲ ಎಂದರೆ ದಿನಾಂಕವನ್ನು ಇಮೇಲ್‌ನಲ್ಲಿ ಕೇಳಿ ಪಡೆಯಿರಿ.

ಕೆಲಸ ಶುರುಮಾಡುವ ಹೊತ್ತಿಗೇ ಕೇಂದ್ರ ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ಸೂಕ್ಷ್ಮ ಉದ್ಯಮವಾಗಿ ನೋಂದಾಯಿಸಿಕೊಳ್ಳಿ, ಶುಲ್ಕವಿಲ್ಲ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆ ಪ್ರಕಾರ ಒಪ್ಪಂದದಲ್ಲಿ ಏನೇ ಬರೆದಿದ್ದರೂ 45 ದಿನ ಮೀರಿ ಪಾವತಿ ತಡೆಹಿಡಿಯುವಂತಿಲ್ಲ. ತಡೆದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ದೂರನ್ನು ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. ದೂರಿನವರೆಗೆ ಹೋಗಬೇಕಾಗಿ ಬರುವುದು ವಿರಳ. ಇನ್ವಾಯ್ಸ್‌ನ ಅಡಿಯಲ್ಲಿ ಉದ್ಯಮ್ ಸಂಖ್ಯೆಯನ್ನೂ 45 ದಿನದ ನಿಯಮವನ್ನೂ ಒಂದು ಸಾಲಿನಲ್ಲಿ ನಮೂದಿಸಿ ಕಳುಹಿಸಿದರೆ ಸಾಮಾನ್ಯವಾಗಿ ಕಡತ ತಾನಾಗಿಯೇ ಚಲಿಸುತ್ತದೆ.